ಅರೆಕಾಲದ ಸೇವೆಯೂ ಉಪಾಧ್ಯಾಯನ ವಿಶ್ರಾಂತಿವೇತನವೂ

ಕುಂಬಾರನು ಮಾಡಿದ ಗಡಿಗೆಯು ಕಣ್ಣಿಗೆ ಕಾಣುವದು. ನೇಕಾರನು ನೆಯ್ದ ಸೀರೆಯನ್ನು ಕೈಯಿಂದ ಮುಟ್ಟಿ ನೋಡಬಹುದು. ಒಕ್ಕಲಿಗನು ಬೆಳೆದ ತೊಗರಿಯನ್ನು ಅಳೆದು ಚೀಲಕ್ಕೆ ತುಂಬಬಹುದು. ಉಪಾಧ್ಯಾಯನು ಮಾಡಿದ ಕೆಲಸವಾದರೋ ಹೀಗೆ ಮುಂದಿಟ್ಟು ತೋರಿಸತಕ್ಕದ್ದಲ್ಲ. ಅವನು ಆಡಿದ ಮಾತು ಆಡಿದ ಕ್ಷಣಕ್ಕೇ ಮುಗಿಯುವದು. ಕರಿಹಲಗೆಯ ಮೇಲೆ ಬರೆದದ್ದು ಮುಂದಿನ ತಾಸಿಗೆ ಅಳಿಯುವದು. ಅದರ ಫಲವು ಹತ್ತಿಪ್ಪತ್ತು ವರ್ಷಗಳ ತರುವಾಯ, ಬೇರೊಂದು ಊರಿನಲ್ಲಿ, ಬೇರೊಬ್ಬರ ಬಾಳಿನಲ್ಲಿ ತೋರುವದು. ಇಂಥ ಕಾಣದ ಕೆಲಸವನ್ನು ಅಳೆಯುವದಕ್ಕೆ ಸರಕಾರವು ಇಟ್ಟುಕೊಂಡಿರುವ ಮುಖ್ಯವಾದ ಅಳತೆಗೋಲು ಕಾಲವೇ. ಎಷ್ಟು ವರ್ಷ ಸೇವೆ ಮಾಡಿದನೆಂಬುದರ ಮೇಲೆಯೇ ಮುಪ್ಪಿನಲ್ಲಿ ಅವನಿಗೆ ದೊರೆಯತಕ್ಕ ವಿಶ್ರಾಂತಿವೇತನವು ನಿಂತಿರುವದು. ಕಾಲವೇ ಅಳತೆಯಾದ ಮೇಲೆ ಒಂದು ಪ್ರಶ್ನೆಯು ತಾನಾಗಿ ಹುಟ್ಟುವದು: ಪೂರ್ಣಕಾಲ ದುಡಿದವನ ಕಾಲವು ಮಾತ್ರ ಕಾಲವೋ, ಅರೆಕಾಲ ದುಡಿದವನ ಕಾಲವೂ ಕಾಲವೋ?

ಇದು ಕೇವಲ ತರ್ಕವಿನೋದಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಇದು ಅನೇಕ ಮನೆಗಳ ಒಲೆಯ ಪ್ರಶ್ನೆಯಾಗಿದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ ಈ ಮೂರೂ ಸೇರಿವೆ. ಮಳೆಯನ್ನೇ ನಂಬಿದ ತೊಗರಿಯ ಹೊಲಗಳು, ಭೀಮೆಯ ದಂಡೆಯ ಹಳ್ಳಿಗಳು, ದುಡಿಮೆಯನ್ನರಸಿ ಸೊಲ್ಲಾಪುರಕ್ಕೂ ಪುಣೆಗೂ ಮುಂಬಯಿಗೂ ಹೋಗುವ ಕುಟುಂಬಗಳು, ಇದು ಇಲ್ಲಿಯ ಜೀವನ. ಇಂಥ ಸೀಮೆಯಲ್ಲಿ ಖಾಯಂ ಉಪಾಧ್ಯಾಯನ ಜಾಗವು ತೆರವಾದಾಗ ಶಾಲೆಯ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವವನು ಅರೆಕಾಲದ ಉಪಾಧ್ಯಾಯನು. ಅವನಿಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳು ಬಂದಿವೆ: ಒಮ್ಮೆ ಅರೆಕಾಲಿಕನು, ಒಮ್ಮೆ ತಾತ್ಕಾಲಿಕನು, ಈಗ ಅತಿಥಿ ಶಿಕ್ಷಕನು.

ಈ ಕಡೆಯ ಹೆಸರನ್ನು ಸ್ವಲ್ಪ ವಿಚಾರಿಸಬೇಕು. ಒಂದು ರಾತ್ರಿ ತಂಗಿ ಹೋಗುವವನು, ನಿತ್ಯವಾಗಿ ನಿಲ್ಲದವನು ಅತಿಥಿಯೆಂದು ಸ್ಮೃತಿಕಾರರು ನಿರ್ವಚನ ಮಾಡಿದ್ದಾರೆ. ಅತಿಥಿಗೆ ಊಟವಿಕ್ಕುವದು ಗೃಹಸ್ಥನ ಧರ್ಮ. ಅತಿಥಿಯಿಂದ ಕೆಲಸ ಮಾಡಿಸುವದು ಯಾವ ಗೃಹಸ್ಥನ ಧರ್ಮವೂ ಅಲ್ಲ. ಒಂದೇ ಶಾಲೆಯಲ್ಲಿ ಹತ್ತು ಹದಿನೈದು ವರ್ಷ ಪಾಠ ಹೇಳಿದವನನ್ನು ಅತಿಥಿಯೆಂದು ಕರೆಯುವದು ಶಬ್ದಕ್ಕೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ. ಅವನಿಗೆ ಕೊಡುವ ಹಣಕ್ಕೆ ಗೌರವಧನವೆಂದು ಹೆಸರು. ಇದರಲ್ಲಿ ಗೌರವವೂ ಇದೆ, ಧನವೂ ಇದೆ. ವೇತನವೆಂಬ ಮಾತು ಮಾತ್ರ ಇಲ್ಲ. ಹಕ್ಕು ಹುಟ್ಟುವದು ಆ ಬಿಟ್ಟುಹೋದ ಮಾತಿನಿಂದಲೇ.

ಹಾಗಾದರೆ ವಿಶ್ರಾಂತಿವೇತನವೆಂದರೇನು? ಈ ವಿಷಯದಲ್ಲಿ ಮೂರು ಅಭಿಪ್ರಾಯಗಳುಂಟು. ಅದು ದಾನವೆಂದು ಕೆಲವರು, ಭೃತಿಯೆಂದು ಕೆಲವರು, ಋಣವೆಂದು ಕೆಲವರು. ದಾನವಾದರೆ ಕೊಡುವವನ ಇಚ್ಛೆಯೇ ಪ್ರಮಾಣ. ಭೃತಿಯಾದರೆ ಮೊದಲು ಮಾಡಿಕೊಂಡ ಕರಾರೇ ಪ್ರಮಾಣ. ಋಣವಾದರೆ ಪಡೆದುಕೊಂಡ ಉಪಕಾರವೇ ಪ್ರಮಾಣ. ಅರೆಕಾಲದ ಉಪಾಧ್ಯಾಯನ ಪ್ರಶ್ನೆಯು ಈ ಮೂರರಲ್ಲಿ ಯಾವುದನ್ನು ಒಪ್ಪುವೆವೆಂಬುದರ ಮೇಲೆ ನಿಂತಿದೆ.

ಪೂರ್ವಿಕರ ಗ್ರಂಥಗಳಲ್ಲಿ ಈ ವಿಚಾರವು ಇಲ್ಲದೆ ಇಲ್ಲ. ಮೈಸೂರಿನ ಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಚಾರ್ಯರಿಗೂ ವಿದ್ಯಾವಂತರಿಗೂ ಕೊಡತಕ್ಕದ್ದಕ್ಕೆ ಪೂಜಾವೇತನವೆಂದು ಹೆಸರಿಟ್ಟಿದೆ. ಅಲ್ಲಿ ಪೂಜೆಯು ವೇತನವನ್ನು ನುಂಗಲಿಲ್ಲ. ಎರಡೂ ಕೂಡಿಯೇ ನಿಂತವು. ಕೆಲಸದಲ್ಲಿರುವಾಗಲೇ ತೀರಿಕೊಂಡವನ ಹೆಂಡತಿ ಮಕ್ಕಳಿಗೆ ಅನ್ನವೇತನಗಳು ಸಲ್ಲಬೇಕೆಂದೂ ಅದೇ ಪ್ರಕರಣದಲ್ಲಿ ಹೇಳಿದೆ. ಶುಕ್ರನೀತಿಯು ಇನ್ನೂ ಸ್ಪಷ್ಟವಾದ ಮಾತನ್ನು ಆಡುವದು. ಆ ಗ್ರಂಥದ ಕಾಲನಿರ್ಣಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲದಿದ್ದರೂ ಅದರ ವಿಚಾರವು ಮನನೀಯವಾದದ್ದು. ನಲವತ್ತು ವರ್ಷ ಸೇವೆ ಮಾಡಿದವನಿಗೆ ಮುಂದೆ ಸೇವೆಯಿಲ್ಲದೆಯೇ ಅರ್ಧ ಭೃತಿಯನ್ನು ಬದುಕಿರುವವರೆಗೂ ಕೊಡಬೇಕೆಂದೂ, ಅವನ ತರುವಾಯ ಅದರಲ್ಲಿ ಅರ್ಧವು ಅವನನ್ನು ನಂಬಿದವರಿಗೆ ಸಲ್ಲಬೇಕೆಂದೂ ಅದು ವಿಧಿಸಿದೆ. ಅದೇ ಗ್ರಂಥವು ಭೃತಿಯನ್ನು ಮೂರು ಬಗೆಯಾಗಿ ವಿಂಗಡಿಸುವದು: ಕೆಲಸವನ್ನು ಅಳೆದು ಕೊಡುವದು, ಕಾಲವನ್ನು ಅಳೆದು ಕೊಡುವದು, ಎರಡನ್ನೂ ಅಳೆದು ಕೊಡುವದು. ಕಡಮೆ ಕಾಲ ದುಡಿದವನಿಗೆ ಕಡಮೆ ಭೃತಿಯೆಂಬುದು ಇದರಿಂದ ಸಿದ್ಧವಾಗುವದು. ಏನೂ ಇಲ್ಲವೆಂಬುದು ಮಾತ್ರ ಸಿದ್ಧವಾಗದು.

ಈ ಕಾಲದ ನ್ಯಾಯಾಸ್ಥಾನವೂ ದಾನವೆಂಬ ಪಕ್ಷವನ್ನು ತಳ್ಳಿಹಾಕಿದೆ. ಬಿಹಾರದ ವಿದ್ಯಾ ಇಲಾಖೆಯ ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ 1971ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶ್ರಾಂತಿವೇತನವು ಸರಕಾರದ ಮರ್ಜಿಯ ಮೇಲೆ ನಿಂತ ಬಹುಮಾನವಲ್ಲ, ಸೇವಕನ ಸ್ವತ್ತು ಎಂದು ತೀರ್ಪು ಕೊಟ್ಟಿತು. 1982ರ ಡಿಸೆಂಬರ 17ರಂದು ನಾಕರಾ ಮೊಕದ್ದಮೆಯಲ್ಲಿ, ಶಕ್ತಿಯಿದ್ದ ಕಾಲದಲ್ಲಿ ದುಡಿದವನಿಗೆ ಶಕ್ತಿಯುಡುಗಿದ ಕಾಲದಲ್ಲಿ ಸಲ್ಲತಕ್ಕ ನ್ಯಾಯವೇ ಇದೆಂದು ವಿವರಿಸಿತು. ದೇಶದ ನಿವೃತ್ತರು ಆ ದಿನವನ್ನು ಇಂದಿಗೂ ತಮ್ಮ ದಿನವೆಂದು ಆಚರಿಸುವರು. ಆದುದರಿಂದ ಇದು ಭೃತಿಯ ರೂಪವನ್ನು ತಾಳಿದ ಋಣವೆಂದು ಹೇಳುವದೇ ಯುಕ್ತವಾಗಿದೆ. ಅದರ ಲೆಕ್ಕವು ಭೃತಿಯಂತೆ. ಅದರ ಬುಡವು ಋಣದಂತೆ.

ಇನ್ನು ಲೆಕ್ಕವು ಹೇಗೆ ನಡೆಯುವದೆಂಬುದನ್ನು ನೋಡಬೇಕು. ಕರ್ನಾಟಕದ ಸೇವಾ ನಿಯಮಗಳಲ್ಲಿ ಎಲ್ಲ ಸೇವೆಯೂ ಸೇವೆಯಲ್ಲ, ಅರ್ಹತಾದಾಯಕ ಸೇವೆಯೆಂಬುದೊಂದಿದೆ. ಹಳೆಯ ಪದ್ಧತಿಯಲ್ಲಿ ಅಂಥ ಸೇವೆಯು ಹತ್ತು ವರ್ಷಕ್ಕೆ ಕಡಮೆಯಾದರೆ ತಿಂಗಳ ವಿಶ್ರಾಂತಿವೇತನವಿಲ್ಲ. ಹತ್ತು ತುಂಬಿದ ಮೇಲೆ ವರ್ಷಗಳಿಗೆ ಅನುಸರಿಸಿ ಪಾಲು ಬೆಳೆಯುತ್ತ ಹೋಗಿ, ಪೂರ್ಣ ಸೇವೆ ಮಾಡಿದವನಿಗೆ ಕೊನೆಯ ವೇತನದ ಅರ್ಧವು ಸಲ್ಲುವದು. ಗೌರವಧನದ ಮೇಲೆ ಕಳೆದ ವರ್ಷಗಳಿಗೆ ಈ ಎಣಿಕೆಯಲ್ಲಿ ಸ್ಥಾನವಿಲ್ಲ. ಖಾಸಗಿ ಶಾಲೆಗಳ ವಿಷಯದಲ್ಲಿಯೂ ಹೀಗೆಯೇ. ಶಾಲೆಗೆ ಸರಕಾರದ ಅನುದಾನವು ಬರುವ ಮುಂಚೆ ಮಾಡಿದ ಸೇವೆಯು ವಿಶ್ರಾಂತಿವೇತನಕ್ಕೆ ಎಣಿಕೆಯಾಗದೆಂದು 2014ರ ಅಧಿನಿಯಮವು ಗೊತ್ತುಮಾಡಿತು. ಇದರ ಮೇಲೆ 2006ರ ಏಪ್ರಿಲ 1ರಿಂದ ಹೊಸದಾಗಿ ಸೇವೆಗೆ ಸೇರಿದವರಿಗೆ ಹಳೆಯ ಪದ್ಧತಿಯೇ ಇಲ್ಲ. ಅವರ ವೇತನದ ಹತ್ತರಲ್ಲೊಂದು ಪಾಲನ್ನೂ ಸರಕಾರದ ಪಾಲನ್ನೂ ಕೂಡಿಸಿ ಪೇಟೆಯಲ್ಲಿ ತೊಡಗಿಸಿ, ಅರವತ್ತು ವಯಸ್ಸಿಗೆ ಬೆಳೆದಷ್ಟನ್ನು ಲೆಕ್ಕಹಾಕಿ, ಅದರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದ ಭಾಗದಿಂದ ತಿಂಗಳ ವರ್ಷಾಶನವನ್ನು ಕೊಳ್ಳತಕ್ಕದ್ದು.

ನಿಯಮಗಳ ಪರಿಣಾಮವು ದೃಷ್ಟಾಂತದಿಂದ ಸ್ಪಷ್ಟವಾಗುವದು. ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಗಾಗಿ ಬರುವ ದೇವದತ್ತ, ಯಜ್ಞದತ್ತ, ವಿಷ್ಣುಮಿತ್ರರನ್ನೇ ಇಲ್ಲಿಗೆ ಕರೆಯಬಹುದು. ಮೂವರೂ ಒಂದೇ ವಯಸ್ಸಿನವರು, ಒಂದೇ ಪರೀಕ್ಷೆಯನ್ನು ಮುಗಿಸಿದವರು. 1999ರಲ್ಲಿ ಮೂವರಿಗೂ ಇಪ್ಪತ್ತೈದು ವರ್ಷ. ದೇವದತ್ತನು ಆ ವರ್ಷವೇ ಆಳಂದದಲ್ಲಿ ಖಾಯಂ ಉಪಾಧ್ಯಾಯನಾದನು. ಯಜ್ಞದತ್ತನು ಅಫಜಲಪುರದ ಕಡೆ ತಾತ್ಕಾಲಿಕನಾಗಿ ಹತ್ತು ವರ್ಷ ದುಡಿದು 2009ರಲ್ಲಿ ಖಾಯಂ ಆದನು. ವಿಷ್ಣುಮಿತ್ರನು ಜೇವರ್ಗಿಯ ಒಂದು ಹಳ್ಳಿಯಲ್ಲಿ ಅರೆಕಾಲದವನಾಗಿಯೇ ಉಳಿದನು. 2034ರಲ್ಲಿ ಮೂವರಿಗೂ ಅರವತ್ತು ತುಂಬುವದು. ದೇವದತ್ತನು ಮೂವತ್ತೈದು ವರ್ಷದ ಸೇವೆಗೆ ಹಳೆಯ ಪದ್ಧತಿಯ ಪೂರ್ಣಫಲವನ್ನು ಪಡೆಯುವನು. ಯಜ್ಞದತ್ತನು ಕಳೆದುಕೊಂಡದ್ದು ಮೂವತ್ತೈದರಲ್ಲಿ ಹತ್ತೆಂದು ತೋರಬಹುದು, ನಿಜವು ಹಾಗಿಲ್ಲ. ಆ ಹತ್ತು ವರ್ಷಗಳು ಇಲ್ಲವೆಂದಾದುದರಿಂದ ಅವನ ಸೇವೆಯು ಹುಟ್ಟಿದ್ದೇ 2006ರ ಗೆರೆಯ ಆಚೆಗೆ ಎಂದಾಯಿತು; ವಿಶ್ರಾಂತಿವೇತನದ ಪ್ರಮಾಣವಷ್ಟೇ ಅಲ್ಲ, ಅದರ ಸ್ವರೂಪವೇ ಬದಲಾಯಿತು. ವಿಷ್ಣುಮಿತ್ರನಿಗೆ ಪ್ರಮಾಣವೂ ಇಲ್ಲ, ಸ್ವರೂಪವೂ ಇಲ್ಲ. ಪ್ರತಿ ವರ್ಷ ನವಂಬರದಲ್ಲಿ ದೇವದತ್ತನು ತಾನು ಬದುಕಿರುವೆನೆಂದು ಪ್ರಮಾಣಪತ್ರವನ್ನು ಕೊಡುವನು. ವಿಷ್ಣುಮಿತ್ರನು ಬದುಕಿರುವನೋ ಇಲ್ಲವೋ ಎಂದು ಕೇಳುವ ಕಚೇರಿಯೇ ಇಲ್ಲ.

ಮೂವರು ಕಲಿಸಿದ ಮಗ್ಗಿಯಲ್ಲಿ ಮಾತ್ರ ಭೇದವಿಲ್ಲ. ಅರೆಕಾಲದ ಉಪಾಧ್ಯಾಯನು ಕಲಿಸಿದ ಅಕ್ಷರವು ಅರ್ಧಾಕ್ಷರವಾಗುವದಿಲ್ಲ.

ದರ್ಶನಗ್ರಂಥಗಳನ್ನು ಓದಿದವರಿಗೆ ಕೃತಹಾನಿಯೆಂಬ ದೋಷವು ಪರಿಚಿತವಾದದ್ದು. ಮಾಡಿದ ಕರ್ಮಕ್ಕೆ ಫಲವಿಲ್ಲದೆ ಹೋಗುವದು, ಮಾಡದ ಕರ್ಮಕ್ಕೆ ಫಲವು ಬರುವದು, ಇವೆರಡನ್ನೂ ಯಾವ ದರ್ಶನಕಾರನೂ ಒಪ್ಪಲಾರನು. ಈ ದೋಷವು ಬಂದರೆ ಜಗತ್ತಿನ ವ್ಯವಸ್ಥೆಯೇ ಕುಸಿಯುವದೆಂದು ಅವರ ವಾದ. ಮೀಮಾಂಸಕರು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿದರು. ಇಂದು ಮಾಡಿದ ಯಾಗವು ಇಂದೇ ಮುಗಿಯುವದು. ಫಲವು ಎಷ್ಟೋ ಕಾಲದ ಮೇಲೆ ಬರುವದು. ನಡುವೆ ಸೇತುವೆ ಯಾವುದು? ಅದಕ್ಕೆ ಅವರು ಅಪೂರ್ವವೆಂದು ಹೆಸರಿಟ್ಟರು. ಮುಖ್ಯಕರ್ಮಕ್ಕೆ ಮಾತ್ರವಲ್ಲ, ಅದರ ಅಂಗವಾದ ಚಿಕ್ಕ ಕರ್ಮಗಳಿಗೂ ತಮ್ಮ ತಮ್ಮ ಅಪೂರ್ವವುಂಟೆಂದೂ ಅವೆಲ್ಲ ಕೂಡಿ ಫಲವನ್ನು ಕೊಡುವವೆಂದೂ ಸಾಧಿಸಿದರು. ಇಂದಿನ ಸಮಾಜದಲ್ಲಿ ಉಪಾಧ್ಯಾಯನ ಯೌವನಕ್ಕೂ ಮುಪ್ಪಿಗೂ ನಡುವಿನ ಸೇತುವೆಯು ಅವನ ಸೇವಾಪುಸ್ತಕವು. ಅಂಗಕರ್ಮವನ್ನು ಮಾಡಿಸಿಕೊಂಡು, ಅದನ್ನು ಆ ಪುಸ್ತಕದಲ್ಲಿ ಬರೆಯದೆ ಬಿಡುವದು ಕೃತಹಾನಿಯಲ್ಲದೆ ಮತ್ತೇನು?

ಸರಕಾರಕ್ಕೆ ಈ ಸೇತುವೆಯನ್ನು ಕಟ್ಟುವ ವಿದ್ಯೆಯು ತಿಳಿಯದೆಂದು ಹೇಳುವಂತಿಲ್ಲ. ಈ ಮೂರು ತಾಲೂಕುಗಳ ಇತಿಹಾಸವೇ ಅದಕ್ಕೆ ಸಾಕ್ಷಿಯಾಗಿದೆ. 1948ರ ಸಪ್ಟಂಬರದವರೆಗೆ ಇವು ನಿಜಾಮನ ರಾಜ್ಯದಲ್ಲಿದ್ದವು. ಆಮೇಲೆ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಕೂಡಿತು. 1956ರ ನವಂಬರ 1ರಂದು ಆ ರಾಜ್ಯವೇ ಮೂರು ಪಾಲಾಗಿ ಕಲಬುರಗಿಯು ಮೈಸೂರಿಗೆ ಸೇರಿತು. ಅರಸೊತ್ತಿಗೆ ಹೋಯಿತು, ರಾಜಧಾನಿ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಆದರೂ ರಾಜ್ಯಪುನರ್ವಿಂಗಡಣೆಯ ಕಾನೂನಿನ 115ನೆಯ ಕಲಮು, ಹಳೆಯ ಸರಕಾರದ ನೌಕರರ ಸೇವಾನಿಬಂಧನೆಗಳನ್ನು ಕೇಂದ್ರಸರಕಾರದ ಪೂರ್ವಾನುಮತಿಯಿಲ್ಲದೆ ಅವರಿಗೆ ಹಾನಿಯಾಗುವಂತೆ ಬದಲಿಸಕೂಡದೆಂದು ಕಟ್ಟುಮಾಡಿತು. ರಾಜ್ಯವು ಮುರಿದರೂ ಸೇವೆಯು ಮುರಿಯಬಾರದೆಂಬುದು ಅಂದಿನ ನೀತಿ. ಇಂದು ಒಂದು ಬೇಸಿಗೆಯ ರಜೆಯು ಬಂದರೆ ಅರೆಕಾಲದ ಉಪಾಧ್ಯಾಯನ ಸೇವೆಯು ಮುರಿಯುವದು. ಜೂನ ತಿಂಗಳಲ್ಲಿ ಅದೇ ಶಾಲೆಗೆ, ಅದೇ ತರಗತಿಗೆ ಅವನು ಮರಳಿ ಬಂದರೂ ಅವನು ಹೊಸಬನು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ರೋಗದಿಂದ ಕೆಲಸ ಬಿಟ್ಟ ಆಳು ವಾಸಿಯಾಗಿ ಬಂದು ಒಪ್ಪಿಕೊಂಡದ್ದನ್ನು ಮಾಡಿಕೊಟ್ಟರೆ, ಎಷ್ಟು ದೀರ್ಘಕಾಲ ಕಳೆದಿದ್ದರೂ ಅವನ ವೇತನವು ಸಲ್ಲಬೇಕೆಂದಿದೆ. ಅಲ್ಲಿ ನಡುವಿನ ಬಿಡುವು ಆಳಿನ ದೇಹದಿಂದ ಬಂದದ್ದು. ಇಲ್ಲಿಯ ಬಿಡುವನ್ನು ಒಡೆಯನೇ ಕೊಟ್ಟದ್ದು. ಅದನ್ನು ಕ್ಷಮಿಸಿದ ಧರ್ಮವು ಇದನ್ನು ದಂಡಿಸಬಹುದೆ?

ಈ ಸೀಮೆಯ ಹಳೆಯ ವಿದ್ಯಾಸ್ಥಾನಗಳನ್ನೂ ನೆನೆಯಬಹುದು. ಜೇವರ್ಗಿಯ ನೆರೆಯ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಚಾಲುಕ್ಯರ ಕಾಲದ, 1058ರ ಶಾಸನವು ವೇದಶಾಸ್ತ್ರಗಳ ಘಟಿಕಾಸ್ಥಾನವನ್ನೂ ಅಲ್ಲಿಯ ಆರು ಜನ ಸರಸ್ವತೀ ಭಂಡಾರಿಗರನ್ನೂ ಹೇಳುವದು. ಅಫಜಲಪುರದ ನೆರೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ 945ರ ರಾಷ್ಟ್ರಕೂಟ ಶಾಸನವು ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳನ್ನೂ ಮುಖ್ಯ ಉಪಾಧ್ಯಾಯನಿಗೆ 50 ನಿವರ್ತನ ಭೂಮಿಯನ್ನೂ ಹೇಳುವದು. ಆ ಕಾಲದ ಎಲ್ಲ ವ್ಯವಸ್ಥೆಯೂ ಇಂದಿಗೆ ಮೇಲ್ಪಂಕ್ತಿಯೆಂದಲ್ಲ. ಅಲ್ಲಿ ಓದಿದವರು ಕೆಲವರೇ. ಆದರೆ ಕೊಟ್ಟದ್ದು ಭೂಮಿಯೆಂಬುದು ಗಮನಿಸತಕ್ಕ ಮಾತು. ತಾಸಿನ ಲೆಕ್ಕದ ಸಂಭಾವನೆಯು ಇಂದಿನ ಹಸಿವನ್ನು ನೋಡುವದು. ಭೂಮಿಯು ನಾಳಿನ ಹಸಿವನ್ನೂ ನೋಡುವದು. ಕಲಿಸುವವನು ನಾಳಿನ ಚಿಂತೆಯಿಲ್ಲದೆ ಕಲಿಸಬೇಕೆಂಬ ತಿಳಿವಳಿಕೆಯು ಆ ಶಾಸನಗಳಲ್ಲಿದೆ.

ಈಗ ಪೂರ್ವಪಕ್ಷವನ್ನು ಕೇಳಬೇಕು; ಅದು ದುರ್ಬಲವಾದದ್ದಲ್ಲ. ಮೊದಲನೆಯದಾಗಿ, ಅರೆಕಾಲದ ಉಪಾಧ್ಯಾಯನು ಕರಾರನ್ನು ಓದಿ, ಒಪ್ಪಿ, ರುಜು ಹಾಕಿ ಬಂದವನು. ಒಪ್ಪಿದ ಮೇಲೆ ಹೆಚ್ಚು ಕೇಳುವದು ಸತ್ಯಕ್ಕೆ ವಿರೋಧವೆಂಬರು. ಎರಡನೆಯದಾಗಿ, ಸ್ಪರ್ಧಾಪರೀಕ್ಷೆಯ ಮುಂಬಾಗಿಲಿನಿಂದ ಬಂದವನಿಗೂ ಹಿಂಬಾಗಿಲಿನಿಂದ ಬಂದವನಿಗೂ ಸಮಾನಫಲವಾದರೆ, ಅವಕಾಶಕ್ಕಾಗಿ ಕಾದಿದ್ದ ಮೂರನೆಯವನಿಗೆ ಅನ್ಯಾಯವೆಂಬರು. ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆಯಲ್ಲಿ 2006ರ ಏಪ್ರಿಲ 10ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಇದನ್ನೇ ಹೇಳಿದರು: ನಿಯಮವಿಲ್ಲದೆ ನೇಮಕಗೊಂಡವರಿಗೆ ಖಾಯಂ ಆಗುವ ಹಕ್ಕಿಲ್ಲ. ಹೊಸ ಪಿಂಚಣಿಯ ಪದ್ಧತಿಯು ಬಂದದ್ದು ಅದೇ ತಿಂಗಳ ಮೊದಲ ತಾರೀಖಿಗೆ. ಹೀಗೆ ಹತ್ತು ದಿನಗಳೊಳಗೆ ಈ ನಾಡಿನ ಅರೆಕಾಲದ ನೌಕರನಿಗೆ ಎರಡು ಬಾಗಿಲುಗಳು ಮುಚ್ಚಿದವು. ಮೂರನೆಯದಾಗಿ, ಬೊಕ್ಕಸದ ಮಾತು. ವಿಶ್ರಾಂತಿವೇತನದ ಹಣವು ಎಲ್ಲಿಂದ ಬರುವದು? ಆಳಂದದ ತೊಗರಿ ಬೆಳೆಯುವವನೂ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆಯನ್ನು ಕೊಳ್ಳುವಾಗ ತೆರಿಗೆ ಕೊಡುವನು. ಅವನಿಗೆ ವಿಶ್ರಾಂತಿಯೂ ಇಲ್ಲ, ವೇತನವೂ ಇಲ್ಲ. ತನಗಿಲ್ಲದ್ದನ್ನು ಅವನು ಇನ್ನೊಬ್ಬನಿಗೆ ಏಕೆ ಕೊಡಬೇಕು?

ಒಂದೊಂದಾಗಿ ವಿಚಾರಿಸಬಹುದು. ಕರಾರಿನ ಮಾತು ಇಬ್ಬರೂ ಸಮಬಲರಾಗಿದ್ದಾಗ ಶೋಭಿಸುವದು. ಮನೆಯಲ್ಲಿ ವೃದ್ಧ ತಾಯಿ, ಹತ್ತಿರದಲ್ಲಿ ಬೇರೆ ಉದ್ಯೋಗವಿಲ್ಲದ ಊರು, ಕೈಯಲ್ಲಿ ಶಿಕ್ಷಣದ ಪದವಿಯೊಂದೇ, ಇಂಥವನು ಹಾಕಿದ ರುಜುವು ಅವನ ಒಪ್ಪಿಗೆಗಿಂತ ಹೆಚ್ಚಾಗಿ ಅವನ ಅಗತ್ಯಕ್ಕೆ ಸಾಕ್ಷಿ. ಇದಲ್ಲದೆ ಇನ್ನೊಂದು ಯುಕ್ತಿಯುಂಟು. ಮುಪ್ಪಿನ ಪಾಲನ್ನು ಕೊಡುವದಿಲ್ಲವೆಂದು ಗೊತ್ತುಮಾಡಿ, ಅದಕ್ಕೆ ಪ್ರತಿಯಾಗಿ ದುಡಿಯುವ ಕಾಲದಲ್ಲಿಯೇ ಹೆಚ್ಚಿನ ಹಣವನ್ನು ಕೊಟ್ಟಿದ್ದರೆ ಆ ಕರಾರು ನ್ಯಾಯವಾದದ್ದೆಂದು ಹೇಳಬಹುದಾಗಿತ್ತು. ಅವನು ತಾನೇ ಕೂಡಿಡುತ್ತಿದ್ದನು. ನಡೆದದ್ದು ಇದಕ್ಕೆ ತಿರುಗಾಮುರುಗಾ. ಸರಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕನ ಗೌರವಧನವು ತಿಂಗಳಿಗೆ ಹತ್ತು ಸಾವಿರ ರೂಪಾಯಿಗಳಿದ್ದು, 2025ರ ಆಯವ್ಯಯದಲ್ಲಿ ಎರಡು ಸಾವಿರ ಹೆಚ್ಚಿತು. ಅದೂ ಶಾಲೆಯು ನಡೆಯುವ ತಿಂಗಳುಗಳಿಗೆ ಮಾತ್ರ. ಇಂದೂ ಕಡಮೆ, ನಾಳೆಯೂ ಇಲ್ಲವೆಂದಾದರೆ ಅದು ವಿನಿಮಯವಲ್ಲ, ಎರಡು ಸಲ ಮಾಡಿದ ಕಡಿತ.

ಎರಡನೆಯ ಆಕ್ಷೇಪಕ್ಕೆ ಉತ್ತರವು ವಿವೇಚನೆಯಿಂದ ಬರುವದು. ಖಾಯಂ ಮಾಡಿರೆಂಬುದು ಬೇರೆ. ಮಾಡಿದ ಕೆಲಸವನ್ನು ಎಣಿಸಿರೆಂಬುದು ಬೇರೆ. ಮೊದಲನೆಯದು ಮುಂದಿನ ಸ್ಥಾನವನ್ನು ಕೇಳುವದು. ಅಲ್ಲಿ ಮೂರನೆಯವನ ಅವಕಾಶಕ್ಕೆ ತೊಂದರೆಯುಂಟಾಗಬಹುದು. ಎರಡನೆಯದು ಹಿಂದಿನ ಶ್ರಮವನ್ನು ಕೇಳುವದು. ಅದರಿಂದ ಯಾರ ಅವಕಾಶಕ್ಕೂ ಲೋಪವಿಲ್ಲ. ಯಜ್ಞದತ್ತನು ಪರೀಕ್ಷೆಯನ್ನು ಗೆದ್ದು ಮುಂಬಾಗಿಲಿನಿಂದಲೇ ಒಳಗೆ ಬಂದ ಮೇಲೆಯೂ ಅವನ ಹತ್ತು ವರ್ಷಗಳನ್ನು ಹೊರಗೆ ನಿಲ್ಲಿಸುವದಕ್ಕೆ ಉಮಾದೇವಿ ತೀರ್ಪು ಕಾರಣವಾಗಲಾರದು. ಈ ಭೇದವನ್ನು ನ್ಯಾಯಾಲಯಗಳೂ ಕಂಡಿವೆ. ಉತ್ತರ ಪ್ರದೇಶದ ನೌಕರರ ಮೊಕದ್ದಮೆಯಲ್ಲಿ 2019ರಲ್ಲಿ, ಖಾಯಂ ಆಗುವ ಮೊದಲು ಕಾಮಗಾರಿಯ ಲೆಕ್ಕದಲ್ಲಿ ಮಾಡಿದ ಸೇವೆಯನ್ನೂ ವಿಶ್ರಾಂತಿವೇತನಕ್ಕೆ ಎಣಿಸಬೇಕೆಂದು ತೀರ್ಪಾಯಿತು. ಅದಕ್ಕೂ ಮುಂಚೆ 1992ರಲ್ಲಿ, ಕರ್ನಾಟಕದ ಖಾಸಗಿ ಕಾಲೇಜುಗಳ ತಾತ್ಕಾಲಿಕ ಅಧ್ಯಾಪಕರ ಮೊಕದ್ದಮೆಯಲ್ಲಿ, ನಡುನಡುವೆ ಬಿಡುವು ಕೊಟ್ಟು ಮೂರು ಮೂರು ತಿಂಗಳಿಗೆ ನೇಮಿಸುವ ಪರಿಪಾಠವನ್ನು ಸರ್ವೋಚ್ಚ ನ್ಯಾಯಾಲಯವು ಖಂಡಿಸಿ, ಆ ಬಿಡುವನ್ನೂ ಸೇರಿಸಿಯೇ ಅವರ ಮೂರು ವರ್ಷವನ್ನು ಎಣಿಸಿತು. ನೇಮಕದ ಪ್ರಕಟಣೆಯು 2006ರ ಗೆರೆಗೆ ಮುಂಚೆ ಹೊರಟು ನೇಮಕವು ಆಮೇಲೆ ಆದ ಸುಮಾರು 13 ಸಾವಿರ ನೌಕರರಿಗೆ ರಾಜ್ಯಸರಕಾರವೇ 2024ರ ಜನವರಿಯಲ್ಲಿ ಹಳೆಯ ಪದ್ಧತಿಯನ್ನು ಒಪ್ಪಿಕೊಂಡಿತು. ತಡವು ನೌಕರನದಲ್ಲವಾದರೆ ಅದರ ಹಾನಿಯೂ ಅವನದಾಗಬಾರದೆಂಬ ನ್ಯಾಯವೇ ಅಲ್ಲಿರುವದು. ಆ ನ್ಯಾಯವು ಅರೆಕಾಲದವನ ಹತ್ತಿರಕ್ಕೆ ಬಂದು ಏಕೆ ನಿಲ್ಲಬೇಕು?

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು. ತೊಗರಿ ಬೆಳೆದವನ ಮುಪ್ಪು ಸಮಾಜದ ಋಣವಲ್ಲವೆಂದು ಹೇಳುವವನಿಗೆ ಉಪಾಧ್ಯಾಯನ ಮುಪ್ಪಿನ ಮಾತನ್ನು ಎತ್ತುವ ಅಧಿಕಾರವಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯು ಅರವತ್ತೈದು ದಾಟಿದ ಬಡ ದುಡಿಮೆಗಾರನಿಗೂ ಒಂದಿಷ್ಟು ಸಲ್ಲಬೇಕೆಂದು ಒಪ್ಪಿಕೊಂಡಿತು. ಮೊತ್ತವು ಚಿಕ್ಕದು, ಆದರೆ ತತ್ತ್ವವು ಸರಿಯಾದದ್ದು. ಒಬ್ಬನಿಗೆ ಆದ ಅನ್ಯಾಯವನ್ನು ಮತ್ತೊಬ್ಬನ ಅನ್ಯಾಯದಿಂದ ಸಮಮಾಡುವದು ನ್ಯಾಯವಲ್ಲ. ಒಕ್ಕಲಿಗನ ಮುಪ್ಪಿನ ಪಾಲು ಹೆಚ್ಚಬೇಕು. ಅದು ಹೆಚ್ಚುವ ಸಲುವಾಗಿ ಅವನ ಮಗನಿಗೆ ಅಕ್ಷರ ಕಲಿಸಿದವನ ಪಾಲು ಇಲ್ಲವಾಗಬೇಕಾಗಿಲ್ಲ. ಬೊಕ್ಕಸದ ಮಿತಿಯನ್ನು ಒಪ್ಪಿದವರು ಕೇಳತಕ್ಕದ್ದು ಪೂರ್ಣಪಾಲನ್ನಲ್ಲ, ಅನುಪಾತದ ಪಾಲನ್ನು.

ಅನುಪಾತದ ಈ ಮಾತು ಹೊಸದೂ ಅಲ್ಲ, ಅಸಾಧ್ಯವೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1994ರಲ್ಲಿ ಅರೆಕಾಲದ ಕೆಲಸದ ಬಗ್ಗೆ ಮಾಡಿದ ಒಡಂಬಡಿಕೆಯಲ್ಲಿ, ಅರೆಕಾಲದವರಿಗೆ ಪೂರ್ಣಕಾಲದವರ ಸೌಲಭ್ಯಗಳು ಕಾಲಕ್ಕೆ ಅನುಸಾರವಾಗಿ ಸಲ್ಲಬೇಕೆಂದು ಹೇಳಿದೆ. ಭಾರತವು ಅದಕ್ಕೆ ಸಮ್ಮತಿಯನ್ನು ಕೊಟ್ಟಿಲ್ಲ. ಬ್ರಿಟನ್ನಿನಲ್ಲಿ ಪಿಂಚಣಿಯ ನಿಧಿಗಳಿಂದ ಹೊರಗುಳಿದಿದ್ದ ಅರೆಕಾಲದ ನೌಕರರು ವರ್ಷಗಟ್ಟಲೆ ವ್ಯಾಜ್ಯ ನಡೆಸಿದರು. ಅವರಲ್ಲಿ ಹೆಂಗಸರೇ ಬಹಳ, ಉಪಾಧ್ಯಾಯಿನಿಯರೂ ಅನೇಕರು. 2000ದಲ್ಲಿ ಯುರೋಪಿನ ನ್ಯಾಯಾಲಯವೂ 2001ರಲ್ಲಿ ಅಲ್ಲಿಯ ಲಾರ್ಡರ ಸಭೆಯೂ ಕೊಟ್ಟ ತೀರ್ಪುಗಳಿಂದ ಅವರ ಸೇವೆಯನ್ನು 1976ರ ಏಪ್ರಿಲದವರೆಗೂ ಹಿಂದಕ್ಕೆ ಎಣಿಸುವ ದಾರಿಯು ತೆರೆಯಿತು. ಹಿಂದಕ್ಕೆ ನೋಡಿ ತಿದ್ದುವ ಶಕ್ತಿಯು ಈ ದೇಶದ ಕಾನೂನಿಗೂ ಇದೆ. ಉಪದಾನದ ಕಾನೂನಿನ ಮಟ್ಟಿಗೆ ಉಪಾಧ್ಯಾಯನು ನೌಕರನೇ ಅಲ್ಲವೆಂದು 2004ರಲ್ಲಿ ತೀರ್ಪಾದಾಗ, ಸಂಸತ್ತು 2009ರಲ್ಲಿ ತಿದ್ದುಪಡಿ ಮಾಡಿ 1997ರಿಂದಲೇ ಅನ್ವಯಿಸುವಂತೆ ಅವನನ್ನು ಒಳಗೆ ಸೇರಿಸಿತು. ಹಳೆಯ ಪದ್ಧತಿಯಲ್ಲಿ ವರ್ಷಗಳಿಗೆ ಅನುಪಾತವಿದ್ದೇ ಇತ್ತು. ವರ್ಷಗಳಲ್ಲಿ ಅನುಪಾತವನ್ನು ಬಲ್ಲ ಲೆಕ್ಕವು ದಿನಗಳಲ್ಲಿಯೂ ತಾಸುಗಳಲ್ಲಿಯೂ ಅದನ್ನು ಬಲ್ಲದು. ಕರ್ನಾಟಕವು 2024ರಲ್ಲಿ ಪ್ರಥಮದರ್ಜೆಯ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ, ಅರವತ್ತು ತುಂಬಿದಾಗ ಸೇವೆಯ ವರ್ಷಗಳನ್ನು ಎಣಿಸಿ ಐದು ಲಕ್ಷದವರೆಗೆ ಇಡುಗಂಟನ್ನು ಕೊಡಲು ಒಪ್ಪಿತು. ಇಡುಗಂಟು ವಿಶ್ರಾಂತಿವೇತನವಲ್ಲ, ಕಾಯಿಲೆ ಬಂದರೆ ಗಂಟು ಕರಗುವದು. ಆದರೂ ಅರೆಕಾಲದವನ ವರ್ಷಗಳನ್ನು ಎಣಿಸಬಹುದೆಂದು ಸರಕಾರವೇ ಅಲ್ಲಿ ಒಪ್ಪಿಕೊಂಡಂತಾಯಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ಅರೆಕಾಲದ ಪ್ರತಿಯೊಬ್ಬ ಉಪಾಧ್ಯಾಯನಿಗೂ ಮೊದಲ ದಿನದಿಂದಲೇ ಸೇವಾಪುಸ್ತಕವಿರಬೇಕು. ಇಂದು ಅವನ ಹೆಸರು ಶಾಲೆಯ ಹಾಜರಿಪುಸ್ತಕದಲ್ಲಿ ಮಾತ್ರ ಇರುವದು. ಆ ಪುಸ್ತಕವು ಹರಿದುಹೋದರೆ ಅವನ ಯೌವನಕ್ಕೆ ಸಾಕ್ಷಿಯೇ ಇಲ್ಲ. ಎರಡನೆಯದು, ಅವನು ಮುಂದೆ ಖಾಯಂ ಆದರೆ ಹಿಂದಿನ ದಿನಗಳನ್ನು ಅನುಪಾತದಿಂದ ಎಣಿಸಬೇಕು; ಆಗದಿದ್ದರೆ ಹೊಸ ಪದ್ಧತಿಯಲ್ಲಿಯಾದರೂ ಸರಕಾರದ ಪಾಲು ಅವನ ಹೆಸರಿಗೆ ಪ್ರತಿ ತಿಂಗಳು ಜಮೆಯಾಗಬೇಕು. ಮೂರನೆಯದು ಖಾಯಂ ಉಪಾಧ್ಯಾಯರ ಕರ್ತವ್ಯ. ತಮ್ಮ ಹಳೆಯ ಪದ್ಧತಿಗಾಗಿ ಮೆರವಣಿಗೆ ತೆಗೆಯುವಾಗ, ಪಕ್ಕದ ತರಗತಿಯಲ್ಲಿ ಅದೇ ಪಾಠವನ್ನು ಹೇಳುವವನ ಮಾತನ್ನೂ ಅವರು ಎತ್ತಬೇಕು. ಅರೆಕಾಲದವನೂ ತನ್ನ ಧರ್ಮವನ್ನು ಮರೆಯತಕ್ಕದ್ದಲ್ಲ. ಎಣಿಸಿರೆಂದು ಕೇಳುವವನ ದಿನಗಳು ಎಣಿಕೆಗೆ ಯೋಗ್ಯವಾಗಿರಬೇಕು. ಬೆಂಚಿನ ಮೇಲೆ ಕುಳಿತ ಮಗುವಿಗೆ ನೇಮಕದ ಆದೇಶದಲ್ಲಿ ಏನು ಬರೆದಿದೆಯೆಂಬುದು ತಿಳಿಯದು. ಮುಂದೆ ನಿಂತವನು ಕಲಿಸಿದನೋ ಇಲ್ಲವೋ ಎಂಬುದು ಮಾತ್ರ ತಿಳಿಯುವದು.

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತಾತ್ರೇಯನ ಭಕ್ತರು ಮಧುಕರಿಯನ್ನು ಬೇಡುವರು. ಮನೆಯಲ್ಲಿ ಧನಧಾನ್ಯವಿದ್ದವನೂ ಅಲ್ಲಿ ಜೋಳಿಗೆ ಹಿಡಿದು ನಿಲ್ಲುವನು. ಅಹಂಕಾರವು ಕರಗಲೆಂದು ತಾನಾಗಿ ಕೈಕೊಂಡ ವ್ರತವದು. ವ್ರತಕ್ಕೆ ಪ್ರಾಣವು ಇಚ್ಛೆ. ಇಚ್ಛೆಯಿಲ್ಲದೆ ಮುಪ್ಪಿನಲ್ಲಿ ಮಕ್ಕಳ ಮುಂದೆಯೋ ನೆರೆಯವರ ಮುಂದೆಯೋ ಕೈಯೊಡ್ಡುವದು ವ್ರತವಲ್ಲ, ದೈನ್ಯ. ವಿದ್ಯೆಯನ್ನು ಕೊಟ್ಟವನನ್ನು ಆ ದೈನ್ಯಕ್ಕೆ ತಳ್ಳಿ, ವರ್ಷಕ್ಕೊಮ್ಮೆ ಸಪ್ಟಂಬರದ ಐದರಂದು ಹಾರ ಹಾಕುವದರಿಂದ ಋಣವು ತೀರುವದಿಲ್ಲ. ಗುಜರಾತದ ಕರಾರಿನ ಅಧ್ಯಾಪಕರ ಮೊಕದ್ದಮೆಯಲ್ಲಿ 2025ರ ಆಗಸ್ಟದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಭಾವವನ್ನೇ ಹೇಳಿತು: ಸಭೆಗಳಲ್ಲಿ ಗುರುವನ್ನು ಬ್ರಹ್ಮನೆಂದು ಸ್ತುತಿಸಿದರೆ ಸಾಲದು, ಆ ನಂಬಿಕೆಯು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು. ಸ್ತೋತ್ರಕ್ಕೆ ಖರ್ಚಿಲ್ಲ, ಎಣಿಕೆಗೆ ಖರ್ಚಿದೆ. ಆದುದರಿಂದಲೇ ಒಂದು ಸಮಾಜವು ವಿದ್ಯೆಯನ್ನು ಎಷ್ಟರಮಟ್ಟಿಗೆ ಗೌರವಿಸುವದೆಂದು ತಿಳಿಯಬೇಕಾದರೆ ಅದರ ಸ್ತೋತ್ರಗಳನ್ನಲ್ಲ, ಅದರ ಲೆಕ್ಕದ ಪುಸ್ತಕಗಳನ್ನು ನೋಡಬೇಕು. ಆ ಪುಸ್ತಕಗಳಲ್ಲಿ ವಿಷ್ಣುಮಿತ್ರನ ವರ್ಷಗಳಿಗೆ ಇನ್ನೂ ಒಂದು ಸಾಲು ಬಿದ್ದಿಲ್ಲ.